ಮೊದಲು ಕೂಸು ಹೊರಗೆ

ನಮ್ಮ ಅತ್ತೆಯ ಬಾಯಿಗೊಂದು ಕೆಲಸ ಕೊಡಬೇಕೆಂದೇ ನಾನು ಆ ಪಟ್ಟಿ ಶುರು ಮಾಡಿದ್ದು. ಇದನ್ನು ಮುಚ್ಚಿಟ್ಟು ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.

ಹೊಸದುರ್ಗದಲ್ಲಿ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ. ಹೇಮಾವತಿ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಲಗ್ನಪತ್ರಿಕೆ ಹೇಮಕ್ಕ ಅಂದರೆ ಬಸ್‌ಸ್ಟ್ಯಾಂಡಿನಿಂದಲೇ ದಾರಿ ತೋರಿಸುತ್ತಾರೆ. ಆಗ ಇದ್ದದ್ದು ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಪ್ಲಾಸ್ಟಿಕ್ ಕುರ್ಚಿ. ಎರಡನೆಯ ಕುರ್ಚಿ ಗಿರಾಕಿಗೆಂದು ತಂದದ್ದು. ಅದರಲ್ಲಿ ಅತ್ತೆ ದುರುಗಕ್ಕ ಕೂತಿರುತ್ತಿದ್ದರು.

ಅತ್ತೆ ಸೂಲಗಿತ್ತಿ. ನಲವತ್ತು ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಅವರ ಕೈಗೆ ಬೀಳದೆ ನೆಲಕ್ಕೆ ಬಿದ್ದ ಕೂಸು ಕಡಿಮೆ. ಊರೂರಿಗೆ ಜೀಪು, ಪೇಟೆಗೊಂದು ಹೆರಿಗೆ ವಾರ್ಡು ಬಂದ ಮೇಲೆ ಕರೆಯುವವರು ನಿಂತುಹೋದರು. ಮನೆಯಲ್ಲಿ ಒಬ್ಬರೇ ಕೂರಲಾರದೆ ನನ್ನ ಜೊತೆ ಅಂಗಡಿಗೆ ಬರತೊಡಗಿದರು. ಬಂದು ಸುಮ್ಮನೆ ಕೂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಬಂದವರನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡಿ, "ಯಾರ ಮಗನಪ್ಪ ನೀನು?" ಎಂದು ಶುರುಮಾಡುವರು. ಕಚೇರಿಯ ಗುಮಾಸ್ತ ತಿಮ್ಮರಾಯಪ್ಪ ಒಂದು ದಿನ ತನ್ನ ಕೈಕೆಳಗಿನ ಇಬ್ಬರನ್ನು ಕರೆದುಕೊಂಡು ಗತ್ತಿನಿಂದ ಒಳಗೆ ಬಂದ. "ಓ, ಕಾಲು ಮುಂದಾಗಿ ಬಂದೋನಲ್ವಾ ನೀನು? ಹುಟ್ಟಿದ ಕೂಡ್ಲೇ ನನ್ನ ಹೊಸ ಸೀರೆ ಮ್ಯಾಲೆ ಉಚ್ಚೆ ಹೊಯ್ದಿದ್ದೆ," ಅಂದರು ಅತ್ತೆ. ತಿಮ್ಮರಾಯಪ್ಪ ಅಂದಿನಿಂದ ಟೈಪಿಂಗಿಗೆ ಹಿಂದಿನ ಬೀದಿಗೆ ಹೋಗತೊಡಗಿದ.

"ಅತ್ತೆ, ಊರಿಗೆಲ್ಲ ಹೇಳ್ಬ್ಯಾಡ್ರಿ. ನಂಗೆ ಹೇಳ್ರಿ, ನಾನು ಬರ್ಕಂತೀನಿ," ಅಂದೆ. ಹಾಗೆ ಶುರುವಾಯಿತು ಪಟ್ಟಿ. ನಂಬರು, ಊರು, ತಾಯಿಯ ಹೆಸರು, ಕೂಸು, ಗುರುತು ಎಂದು ಐದು ಕಂಬ. ತಾರೀಕಿನ ಕಂಬ ಇರಲಿಲ್ಲ, ಯಾಕೆಂದರೆ ಅತ್ತೆಗೆ ತಾರೀಕು ಗೊತ್ತಿಲ್ಲ. ದಿನ ಮಾತ್ರ ಗೊತ್ತು. "ಐಮಂಗಲದ ಹತ್ರ ಲಾರಿ ಮಗುಚಿ ರೋಡೆಲ್ಲ ಈರುಳ್ಳಿ ಆಗಿತ್ತಲ್ಲ, ಅವತ್ತು. ಗಂಡು. ಅಪ್ಪ ಈರುಳ್ಳಿ ಆರಿಸಾಕೆ ಹೋಗಿದ್ದ, ಕೂಸಿನ ಮುಖ ನೋಡಿದ್ದು ಸಂಜಿಗೆ." ಇದು ಗುರುತಿನ ಕಂಬಕ್ಕೆ.

ಬೇಸರದಿಂದ ಶುರುಮಾಡಿದ ಕೆಲಸ ಆರು ತಿಂಗಳಲ್ಲಿ ನನಗೇ ಚಟವಾಯಿತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅತ್ತೆ ಕಣ್ಣು ಮುಚ್ಚಿ ಒಂದೊಂದೇ ಮನೆಯೊಳಗೆ ಹೋಗಿ ಬರುವರು, ನಾನು ಹಿಂದೆಯೇ ಟೈಪ್ ಮಾಡುತ್ತಾ ಹೋಗುವೆ. ಗುರುತಿನಿಂದ ನಾನು ಲೆಕ್ಕ ಹಾಕಿ ಹೇಳುವ ಹುಟ್ಟಿದ ವರ್ಷ ಬೇಕೆಂದು ಜನ ಹುಡುಕಿಕೊಂಡು ಬರತೊಡಗಿದರು. ಎರಡು ವರ್ಷದಲ್ಲಿ ಏಳುನೂರ ನಲವತ್ತಮೂರು ಆಗಿತ್ತು. ನಮ್ಮ ಮಗಳು ಬೃಂದಾ ಮಾತ್ರ ಅದರಲ್ಲಿಲ್ಲ. ಮನೆಯಲ್ಲೇ ಸೂಲಗಿತ್ತಿ ಇರುವಾಗ ನಾನು ಹೆರಿಗೆಗೆ ಚಿತ್ರದುರ್ಗದ ಆಸ್ಪತ್ರೆಗೆ ಹೋಗಿದ್ದೆ. ಯಾಕೆ ಹೋದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ಎತ್ತಬಾರದ ಮಾತಿನ ಎರಡು ಬದಿಯಲ್ಲಿ ಕೂತು ನಾವು ಸಲೀಸಾಗಿ ಆಡಬಹುದಾದ ಮಾತೆಂದರೆ ಆ ಪಟ್ಟಿಯೊಂದೇ. ಅದು ನನಗೆ ಬೇಕಾಗಿತ್ತು.

ಒಂದು ಪ್ರತಿ ಪ್ರಿಂಟ್ ತೆಗೆದಿಡುತ್ತೇನೆ ಎಂದು ಎಷ್ಟು ಸಲ ಹೇಳಿದೆನೋ. "ಪೂರ್ತಿ ಆಗ್ಲಿ. ಹೆರಿಗೆ ಆಗಾಕ್ಮುಂಚೆ ತೊಟ್ಲು ಕಟ್ಟಬಾರ್ದು," ಎಂದು ಅತ್ತೆ ತಡೆದರು. ಪ್ರಿಂಟ್ ತೆಗೆಯುವುದು ಹಾಗೇ ಉಳಿಯಿತು.

2004ರ ಗೌರಿ ಹಬ್ಬ ಮುಗಿಯುತ್ತಿದ್ದಂತೆ ಕಂಪ್ಯೂಟರಿಗೆ ಬಂತು ಕೇಡು. ವಿಂಡೋಸ್ ತೊಂಬತ್ತೆಂಟು ಹಾಕಿದ ಯಂತ್ರ ಅದು. ಊರಿನ ಫ್ಲಾಪಿಗಳನ್ನೆಲ್ಲ ಅದರ ಬಾಯಿಗೆ ತುರುಕಿ ತುರುಕಿ ಇಲ್ಲದ ರೋಗವೆಲ್ಲ ತಗುಲಿತ್ತು. ಬೆಳಿಗ್ಗೆ ಒತ್ತಿದರೆ ನಾನು ಕಸ ಗುಡಿಸಿ, ದೀಪ ಹಚ್ಚಿ, ಪಕ್ಕದ ಕೊಬ್ಬರಿ ಅಂಗಡಿಯ ಚಿತ್ರಲಿಂಗಪ್ಪನ ಜೊತೆ ಎರಡು ಮಾತು ಜಗಳ ಆಡಿ ಬರುವ ಹೊತ್ತಿಗೆ ಏಳುತ್ತಿತ್ತು. ಎದ್ದು ಸ್ವಲ್ಪ ಹೊತ್ತಿಗೆ ಪರದೆಯೆಲ್ಲ ನೀಲಿ. ಕಾರ್ತಿಕದಲ್ಲಿ ಲಗ್ನ ಶುರುವಾದರೆ ನನ್ನ ಗತಿ?

ಮೊದಲು ಬಂದವನು ನಮ್ಮೂರಿನ ಮಾರುತೇಶ್. ಪೇಟೆಯಲ್ಲಿ ಟಿ.ವಿ. ರಿಪೇರಿಯಿಂದ ಕಂಪ್ಯೂಟರಿಗೆ ಬಡ್ತಿ ಪಡೆದವನು. "ಹೇಮಕ್ಕ, ಎಕ್ಸ್‌ಪಿ ಅಂತ ಹೊಸ ವಿಂಡೋಸ್ ಬಂದೈತೆ. ಇದ್ರ ಮ್ಯಾಲೇ ಏರಿಸಿಬಿಡಾಣ. ಒಳಗಿರೋ ಫೈಲು, ಅಕ್ಷರ, ಪ್ರಿಂಟರು, ಯಾವ್ದೂ ಅಲ್ಲಾಡಲ್ಲ. ಮನೇಲಿ ಜನ ಇದ್ದಂಗೇ ಸುಣ್ಣ ಬಳಿದಂಗೆ," ಅಂದ.

ಮಾರುತೇಶನ ಮೇಲೆ ನನಗೆ ನಂಬಿಕೆ ಕಡಿಮೆ. ನಮ್ಮ ಯಜಮಾನರು ಮೂರ್ತಪ್ಪ ಹಿರಿಯೂರಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಅವರು ಅಲ್ಲಿಂದ ಚೇತನ್‌ಕುಮಾರ್ ಎಂಬುವನನ್ನು ಬಸ್ಸಿನಲ್ಲಿ ಕೂರಿಸಿ ಕಳಿಸಿದರು. ಇಸ್ತ್ರಿ ಮಾಡಿದ ಅಂಗಿ, ಸೀಡಿಗಳ ಚೀಲ. ಅವನು ಯಂತ್ರವನ್ನು ಮುಟ್ಟಿ ನೋಡುವ ಮೊದಲೇ, "ಫಾರ್ಮ್ಯಾಟ್ ಮೇಡಂ. ಪೂರ್ತಿ ಒರೆಸಿ ಮೊದಲಿಂದ ಹಾಕ್ಬೇಕು. ಗೆದ್ದಲು ಹಿಡಿದ ಗೋಡೆಗೆ ಸುಣ್ಣ ಬಳಿದ್ರೆ ಗೆದ್ದಲೇನು ಸಾಯ್ತದಾ?" ಅಂದ.

"ಗೆದ್ದಲು ಐತೆ ಅಂತ ಮನೇನೇ ಕೆಡವ್ತಾರೇನ್ರೀ?" ಎಂದ ಮಾರುತೇಶ್.

"ನಿಮ್ಮಂಥೋರು ಸುಣ್ಣ ಬಳಿದು ಬಳಿದೇ ಇದು ಈ ಗತಿಗೆ ಬಂದಿರೋದು."

ಚಿತ್ರಲಿಂಗಪ್ಪ ಕೊಬ್ಬರಿ ಮೂಟೆ ಬಿಟ್ಟು ಎದ್ದು ಬಂದ. ಅವನು ಆಗಷ್ಟೇ ಹಳೆಯ ಮನೆ ಕೆಡವಿ ಆರ್.ಸಿ.ಸಿ. ಕಟ್ಟಿಸಿದ್ದ, ಹಾಗಾಗಿ ಕೆಡವುವ ಪಕ್ಷ. ಅವನ ಹೆಂಡತಿಗೆ ಹೊಸ ಮನೆಯ ಸೆಕೆ ತಾಳದು, ಹಾಗಾಗಿ ಸುಣ್ಣದ ಪಕ್ಷ. ಅರ್ಧ ಗಂಟೆಯಲ್ಲಿ ನನ್ನ ಅಂಗಡಿಯ ಮುಂದೆ ಹನ್ನೆರಡು ಜನ ಇದ್ದರು. ಕಂಪ್ಯೂಟರನ್ನು ಮುಟ್ಟಿದವರು ಅವರಲ್ಲಿ ಇಬ್ಬರು. ಅಭಿಪ್ರಾಯ ಇಲ್ಲದವರು ಒಬ್ಬರೂ ಇಲ್ಲ.

ಅತ್ತೆ ಅಷ್ಟು ಹೊತ್ತೂ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದವರು ಕೈ ಎತ್ತಿದರು. "ಲೇ ಮಾರುತಿ. ನೀನು ಮ್ಯಾಲೆ ಏರಿಸ್ತೀಯಲ್ಲ, ಒಳಗಿರೋ ಹೊಲಸು ಎಲ್ಲಿಗೋಗ್ತೈತೆ?"

"ಅಲ್ಲೇ ಇರ್ತೈತೆ ಅಜ್ಜಿ. ಆದ್ರೆ ಏನೂ ಮಾಡಲ್ಲ."

"ಕೂಸಿನ ಹಿಂದೆ ಬರೋ ಮಾಸು ಚೂರು ಒಳಗೇ ಉಳಿದ್ರೂ ಮೊದ್ಲು ಏನೂ ಮಾಡಲ್ಲ ಕಣಪ್ಪ. ಬಾಣಂತಿ ಎದ್ದು ಕುಂತು ನಗ್ತಾಳೆ. ಮೂರನೇ ದಿನಕ್ಕೆ ನಂಜಾಗ್ತೈತೆ." ಅತ್ತೆ ಚೇತನ್‌ಕುಮಾರನ ಕಡೆ ತಿರುಗಿದರು. "ಪೂರ್ತಿ ತೆಗಿಬೇಕು, ನೀನು ಅಂಬೋದೇ ಸರಿ. ಆದ್ರೆ ಕೂಸು ಒಳಗೈತಲ್ಲ? ನನ್ನ ಏಳ್ನೂರ ನಲವತ್ಮೂರು?"

"ಎಲ್ಲ ಹೋಗ್ತವೆ ಅಜ್ಜಿ," ಎಂದ ಆ ಪುಣ್ಯಾತ್ಮ, ನಗುನಗುತ್ತಾ.

"ಮೊದ್ಲು ಕೂಸು ಹೊರಗೆ. ಆಮ್ಯಾಕೆ ಮಾಸು. ಇಷ್ಟೂ ತಿಳೀದೆ ಹಿರಿಯೂರಿಂದ ಬಂದ್ಯಾ?"

ಹನ್ನೆರಡು ಜನವೂ ತಲೆಯಾಡಿಸಿದರು. ಕಂಪ್ಯೂಟರಿನ ವಿಷಯದಲ್ಲಿ ಅಷ್ಟು ಸರಿಯಾದ ಮಾತನ್ನು ನಾನು ಆವರೆಗೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಚೇತನ್‌ಕುಮಾರ್ ಪಟ್ಟಿಯನ್ನು ಮೂರು ಹೊಸ ಫ್ಲಾಪಿಗಳಿಗೆ ಇಳಿಸಿದ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಮೂರರಲ್ಲೂ ಇಡೀ ಪಟ್ಟಿ. ಮೂರನ್ನೂ ಹಾಕಿ ತೆರೆದು ತೋರಿಸಿದ. ಲಗ್ನಪತ್ರಿಕೆ, ಅರ್ಜಿಗಳ ಮಾದರಿ ಎಲ್ಲವನ್ನೂ ಹಳೆಯ ಫ್ಲಾಪಿಗಳಿಗೆ ತುಂಬಿ ಬಿಸ್ಕತ್ತಿನ ಡಬ್ಬಕ್ಕೆ ಎಸೆದ. ಪಟ್ಟಿಯ ಒಂದು ಫ್ಲಾಪಿಯನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ ಅಂದಾಗ ಅತ್ತೆ ಬಿಡಲಿಲ್ಲ. ಹುಟ್ಟಿದ ದಿನವೇ ಕೂಸನ್ನು ಬೇರೆಯವರ ಮನೆಯಲ್ಲಿ ಮಲಗಿಸುತ್ತಾರೆಯೇ?

ನಾನು ಮೂರನ್ನೂ ಅವರ ಮಡಿಲಿಗೆ ಹಾಕಿ, "ನಿಮ್ಮ ಮಕ್ಕಳೆಲ್ಲ ಇದ್ರೊಳಗವೆ ಅತ್ತೆ. ಜೋಪಾನ," ಅಂದೆ. ಆ ಮಾತು ಆಡಿದವಳು ನಾನೇ. ಸೂಲಗಿತ್ತಿಗೆ ಜೋಪಾನ ಅಂದರೆ ಏನು ಎಂದು ಒಂದು ಗಳಿಗೆ ಯೋಚಿಸಬೇಕಿತ್ತು.

ಮರುದಿನ ಬೆಳಿಗ್ಗೆ ಅತ್ತೆ, "ನೀನು ಹೋಗಿರು, ನಂಗೆ ಮನ್ಯಾಗೆ ಕೆಲ್ಸ ಐತೆ," ಅಂದರು. ಚೇತನ್‌ಕುಮಾರ್ ಹತ್ತೂವರೆಯ ಬಸ್ಸಿಗೆ ಬಂದು, ಯಂತ್ರವನ್ನು ಪೂರ್ತಿ ಒರೆಸಿ, ಹೊಸ ಸೀಡಿ ಹಾಕಿದ. ಪರದೆಯ ಮೇಲೆ 'ಇನ್ನು 39 ನಿಮಿಷ' ಎಂದು ಬಂತು. ಟೀ ಕುಡಿದು ಬಂದರೂ ಮೂವತ್ತೊಂಬತ್ತು. ಚಿತ್ರಲಿಂಗಪ್ಪ ಬಂದು ಇಣುಕಿ, "ಇದು ನಮ್ಮ ಇಂಜಿನಿಯರು ಹೇಳಿದ ಹದಿನೈದು ದಿನದಂಗೆ ಐತೆ," ಎಂದು ಹೋದ. ಮೂವತ್ತನಾಲ್ಕಕ್ಕೆ ಇಳಿದು ಮತ್ತೆ ನಿಂತಾಗ ನನ್ನ ಮೂಗಿಗೆ ಸಾಂಬ್ರಾಣಿ ವಾಸನೆ ಬಡಿಯಿತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ತಲೆಗೆ ಸ್ನಾನ, ಒಗೆದ ಸೀರೆ, ಕೈಯಲ್ಲಿ ಮೊರ. ಮೊರದಲ್ಲಿ ಮೆತ್ತನೆಯ ಹಳೆ ಸೀರೆಯ ಗಂಟು, ಪಕ್ಕದಲ್ಲಿ ಗಾಳಿ ಸೋಕದಿರಲೆಂದು ಒಂದು ಕುಡುಗೋಲು. ಪರದೆ ನೋಡಿ, "ಇನ್ನೂ ನೋವು ಬರ್ತಾ ಐತಾ? ಅವಸರ ಮಾಡ್ಬ್ಯಾಡಪ್ಪ, ತಾನೇ ಆಗ್ತೈತೆ," ಎಂದು ಚೇತನ್‌ಕುಮಾರನಿಗೆ ಧೈರ್ಯ ಹೇಳಿ ಕುರ್ಚಿಯಲ್ಲಿ ಕೂತರು.

"ಅತ್ತೆ, ಮೊರದಾಗೆ ಏನೈತೆ?" ಅಂದೆ. ಗೊತ್ತಿದ್ದೂ ಕೇಳಿದೆ.

ಅತ್ತೆ ಗಂಟು ಬಿಚ್ಚಿದರು. ಮೂರು ಫ್ಲಾಪಿ. ಮೂರಕ್ಕೂ ಹರಳೆಣ್ಣೆಯ ಹೊಳಪು, ನಡುವೆ ಅರಿಶಿನದ ಬೊಟ್ಟು, ಬದಿಗೆ ದೃಷ್ಟಿಗೆಂದು ಕಾಡಿಗೆ. "ನೀರು ಹಾಕ್ಲಿಲ್ಲ. ನಿನ್ನ ಮಿಷನ್ನಿನ ಸಾಮಾನಿಗೆ ನೀರು ಆಗಿಬರಲ್ಲ ಅಂತ ನಂಗೂ ಗೊತ್ತು. ಬರೀ ಎಣ್ಣೆ ಸವರಿ, ಕೆಂಡದ ಮ್ಯಾಲೆ ಸಾಂಬ್ರಾಣಿ, ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಹಾಕಿ, ಬುಟ್ಟಿ ಕವುಚಿ, ಅದ್ರ ಮ್ಯಾಲೆ ಚೆಂದಾಗಿ ಹೊಗೆ ಕೊಟ್ಟೀನಿ. ಇನ್ನೊಂದು ನೂರು ವರ್ಷ ಸೀತ ಆಗಲ್ಲ."

ಒಂದು ಫ್ಲಾಪಿ ಹಪ್ಪಳದ ಹಾಗೆ ಬಾಗಿತ್ತು. ಎಕ್ಸ್‌ಪಿ ಏರಿ ಮುಗಿದ ಮೇಲೆ ಎರಡನೆಯದನ್ನು ಹಾಕಿದರೆ ಯಂತ್ರ ಕರಕರ ಎಂದು ಹಲ್ಲು ಕಡಿದು ಸುಮ್ಮನಾಯಿತು. ಮೂರನೆಯದು ಒಳಗೆ ಹೋಗಿ ಹೊರಗೆ ಬರಲಿಲ್ಲ. ಚೇತನ್‌ಕುಮಾರ್ ಇಕ್ಕಳ ಹಾಕಿ ಎಳೆದ. "ಅದು ಹಂಗಲ್ಲ ಕಣಪ್ಪ ಎಳಿಯೋದು," ಎಂದರು ಅತ್ತೆ. ಆಮೇಲೆ ಅವನ ಮುಖ ನೋಡಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

ಒರೆಸಿದ ಯಂತ್ರದೊಳಗೆ ಹುಡುಕುವುದೂ ಆಯಿತು. ಹಳೆಯದರ ಮೇಲೆ ಹೊಸದು ಬಂದು ಕೂತಿತ್ತು, ಏನೂ ಸಿಗಲಿಲ್ಲ. ಬಿಸ್ಕತ್ತಿನ ಡಬ್ಬದಲ್ಲಿ ಬಿದ್ದಿದ್ದ ಫ್ಲಾಪಿಗಳು ಮಾತ್ರ ಒಂದೂ ಬಿಡದೆ ಸರಿಯಾಗಿದ್ದವು. ಯಾರು ಯಾರದೋ ಮದುವೆ, ನಾಮಕರಣ, ಬೋರ್‌ವೆಲ್ ಅರ್ಜಿ, ಎಲ್ಲ ಭದ್ರ. ಅವುಗಳನ್ನು ಯಾರೂ ಪ್ರೀತಿಯಿಂದ ಮುಟ್ಟಿರಲಿಲ್ಲ.

ನನಗೆ ಬಂದ ಸಿಟ್ಟನ್ನು ಏನು ಹೇಳಲಿ. "ಎರಡು ವರ್ಷ ಬೆರಳು ಸವೆಸಿ ಹೊಡ್ದಿದ್ದೆ ಅತ್ತೆ! ನಿಮ್ಮ ಕೈಗೆ ಕೊಟ್ಟಿದ್ದೇ ನನ್ನ ತಪ್ಪು!" ಎಂದು ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದೆ. ಕೂಗಿದ ಮೇಲೆ, ಆ ಮಾತು ಫ್ಲಾಪಿಗಷ್ಟೇ ಹೇಳಿದ್ದಲ್ಲ ಎಂದು ಅತ್ತೆಯ ಮುಖದಲ್ಲಿ ಗೊತ್ತಾಯಿತು. ಅವರು ಮೊರ ಎತ್ತಿಕೊಂಡು ಮನೆಗೆ ಹೋದರು.

ಅಂದಿನಿಂದ ಹತ್ತು ದಿನ ಅತ್ತೆ ಒಲೆ ಮುಟ್ಟಲಿಲ್ಲ, ದೇವರ ಮುಂದೆ ಹೋಗಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಬೇರೆ ಕೂತರು. ಮುದ್ದೆ ಅಲ್ಲಿಗೇ ಹೋಗುತ್ತಿತ್ತು, ಅರ್ಧ ವಾಪಸು ಬರುತ್ತಿತ್ತು. ಹತ್ತು ದಿನ ಬೇರೆ ಕೂರುವುದು ಹುಟ್ಟಿದರೂ ಉಂಟು, ಹೋದರೂ ಉಂಟು. ಇದು ಯಾವುದಕ್ಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೃಂದಾ, "ಅಜ್ಜಿ ಯಾಕೆ ಕಥೆ ಹೇಳಲ್ಲ?" ಅಂದಾಗ ಅವಳಿಗೇ ಗದರಿದೆ. ಅಂಗಡಿಯಲ್ಲಿ ಹೊಸ ಎಕ್ಸ್‌ಪಿ ಒತ್ತಿದ ಕೂಡಲೇ ಏಳುತ್ತಿತ್ತು. ಹಸಿರು ಗುಡ್ಡ, ನೀಲಿ ಆಕಾಶ, ಒಂದು ಕಸವಿಲ್ಲ. ನೋಡಿದರೆ ಅಳು ಬರುತ್ತಿತ್ತು.

ಹನ್ನೊಂದನೆಯ ದಿನ ಅತ್ತೆ ತಲೆಗೆ ನೀರು ಹಾಕಿಕೊಂಡು, ನನಗಿಂತ ಮುಂಚೆ ಚಪ್ಪಲಿ ಮೆಟ್ಟಿ ನಿಂತಿದ್ದರು. "ನಡಿ, ಅಂಗ್ಡಿಗೆ ಹೋಗಾಣ." ಬಂದು ಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಸವರಿದರು. "ಹೊಡಿ. ನಂಬರು ಒಂದು."

"ಎಲ್ಲ ಮೊದ್ಲಿಂದನಾ ಅತ್ತೆ?"

"ಮತ್ತೆ? ಒಳಗೆ ಏನೂ ಉಳಿದಿಲ್ಲ ಅಂದ್ಮ್ಯಾಲೆ ಮೊದ್ಲಿಂದನೇ."

ಎರಡನೆಯ ಸಲದ ಪಟ್ಟಿ ಮೊದಲಿನದರ ಹಾಗಿರಲಿಲ್ಲ. ಪಟ್ಟಿ ಅರ್ಧಕ್ಕೆ ಬರುವಷ್ಟರಲ್ಲಿ ಮಾರುತೇಶ್ ಎರಡು ವರ್ಷ ದೊಡ್ಡವನಾದ. "ಹೋದ ಸಲ ಹೆಣ್ಣು ನೋಡಾಕೆ ಹೊಂಟಿದ್ದ. ಒಂದು ಕಟ್ಟು ವೀಳ್ಯದೆಲೆ ತಂದು ಅಜ್ಜಿ ಅಜ್ಜಿ ಅಂದ, ಇರ್ಲಿ ಅಂತ ಇಳಿಸಿದ್ದೆ. ಈಗ ನಿಜ ಬರಿ." ವಿಷಯ ತಿಳಿದು ಮಾರುತೇಶ್ ಓಡಿ ಬಂದ. "ಹೇಮಕ್ಕ, ಇದಕ್ಕೇ ಹೇಳಿದ್ದು ಹಳೇದ್ರ ಮ್ಯಾಲೆ ಏರಿಸಾಣ ಅಂತ! ನನ್ನ ವಯಸ್ಸು ಹಂಗೇ ಉಳೀತಿತ್ತು!" ಅವನ ವಾದದಲ್ಲಿ ಹುರುಳಿತ್ತು, ನಾನು ಒಪ್ಪಿಕೊಂಡೆ. ತಿಮ್ಮರಾಯಪ್ಪನ ಕಾಲು ಮಾತ್ರ ಎರಡನೆಯ ಸಲವೂ ಮುಂದಾಗಿಯೇ ಬಂತು.

ಇನ್ನೊಂದು ವ್ಯತ್ಯಾಸವಿತ್ತು. ನಂಬರು ಹನ್ನೊಂದಕ್ಕೆ ಅತ್ತೆ, "ಹೆಣ್ಣು. ಅಳಲಿಲ್ಲ," ಅಂದರು. ನಾನು ತಲೆ ಎತ್ತಿದೆ. ಹೋದ ಸಲ ಅಳದೆ ಹೋದ ಕೂಸುಗಳು ಪಟ್ಟಿಯಲ್ಲೇ ಇರಲಿಲ್ಲ. "ಲಗ್ನಪತ್ರಿಕೆ ಹೊಡಿಯೋ ಜಾಗ, ಬ್ಯಾಡ ಅಂತ ಬಿಟ್ಟಿದ್ದೆ. ಅವೂ ನನ್ನ ಕೈಗೇ ಬಂದಿದ್ದು. ಹೊಡಿ," ಅಂದರು. ಹೊಡೆದೆ. ಆಮೇಲೆ ಆಗಾಗ ಒಂದೊಂದು ಬರುತ್ತಿತ್ತು. ಅತ್ತೆ ಅವಕ್ಕೂ ಗುರುತು ಹೇಳುವರು: ಕೂದಲು ದಟ್ಟವಾಗಿತ್ತು, ಬೆರಳು ಉದ್ದವಾಗಿದ್ದವು.

ಆಗ ನಾನು ನಂಬರು ಬಿಟ್ಟು ವರ್ಷ ಎಣಿಸತೊಡಗಿದೆ. ವರ್ಷಗಳು ಒಂದೊಂದಾಗಿ ಮುಂದೆ ಬರುತ್ತಿದ್ದವು, ಯಾವ ವರ್ಷ ಬರುತ್ತದೆ ಎಂದು ನನಗೆ ಗೊತ್ತಿತ್ತು. ಹೋದ ಸಲ ಆ ವರ್ಷ ಬಂದಾಗ ನಾನು ಬೆರಳು ಎತ್ತಿ ಹಿಡಿದು ಕಾದಿದ್ದೆ. ಅತ್ತೆ ಎಲೆ ಉಗುಳಿ ಬಂದು ಮುಂದಿನ ಊರಿಗೆ ಹೋಗಿಬಿಟ್ಟಿದ್ದರು. ನಾನೂ ಕೇಳಿರಲಿಲ್ಲ.

ಸಂಕ್ರಾಂತಿ ಕಳೆದ ವಾರ, ಗಿರಾಕಿಗಳಿಲ್ಲದ ಮಧ್ಯಾಹ್ನ, ಅತ್ತೆ ಎಲೆ ಹಾಕಿಕೊಳ್ಳಲಿಲ್ಲ.

"ನಂಬರು ಏಳ್ನೂರ ಎಪ್ಪತ್ತೊಂದು. ಊರು ಹೊಸದುರ್ಗ. ನಮ್ಮನೆ." ಕಣ್ಣು ಮುಚ್ಚದೆ ನನ್ನನ್ನೇ ನೋಡಿ, "ತಾಯಿ ಹೇಮಾವತಿ. ಹೆಣ್ಣು. ಅಳಲಿಲ್ಲ," ಅಂದರು.

ನಾನು ನನ್ನ ಹೆಸರಿನವರೆಗೆ ಹೊಡೆದಿದ್ದೆ.

"ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿದ್ದಿತ್ತು. ಬಿಡಿಸಿದೆ. ತಡ ಆಗಿತ್ತೋ, ನನ್ನ ಕೈ ನಡುಗ್ತೋ, ಎಂಟು ವರ್ಸದಿಂದ ಕೇಳ್ಕಂತಾನೇ ಇದೀನಿ. ನೀನು ಬೃಂದನ ಹೆರ್ಗೆಗೆ ಚಿತ್ರದುರ್ಗಕ್ಕೆ ಹೋದಾಗ ನಂಗೆ ಸಿಟ್ಟು ಬರ್ಲಿಲ್ಲ ಹೇಮಿ. ಸರಿಯಾಗೇ ಮಾಡಿದ್ಲು ಅಂದ್ಕಂಡೆ. ಹೋದ ಸಲ ಹೇಳಾಕೆ ಬಾಯಿ ಬರ್ಲಿಲ್ಲ. ನಿನ್ನ ಕೈಲೇ ಹೆಂಗೆ ಬರಸ್ಲಿ?"

"ಈಗ ಯಾಕೆ ಅತ್ತೆ?"

"ಮೊದ್ಲಿಂದ ಮಾಡ್ತಾ ಇದೀವಲ್ಲ. ಒಳಗೆ ಉಳಿದ್ರೆ ನಂಜಾಗ್ತೈತೆ."

ನಾನು ಹೊಡೆದೆ. ಎಂಟು ವರ್ಷ ಅವರ ಮೇಲಿನ ಸಿಟ್ಟು ಅಂದುಕೊಂಡಿದ್ದದ್ದು ಬರೀ ಅಳುವಾಗಿತ್ತು. ಕೀಬೋರ್ಡಿನ ಮೇಲೆಲ್ಲ ಬಿತ್ತು. ಅತ್ತೆ ಸೆರಗಿನಿಂದ ಮೊದಲು ನನ್ನ ಮುಖ ಒರೆಸಿದರು, ಆಮೇಲೆ ಕೀಬೋರ್ಡು. "ಮಿಷನ್ನಿಗೆ ನೀರು ಆಗಲ್ಲ ಕಣವ್ವ," ಅಂದರು.

"ಗುರುತು ಏನು ಬರೀಲಿ?" ಅಂದೆ.

"ನಿನ್ನಂಗೇ ಮೂಗಿತ್ತು," ಅಂದರು. ನಾನು ಅದನ್ನು ನೋಡಿರಲಿಲ್ಲ, ಅಂದು ಯಾರೂ ನನಗೆ ತೋರಿಸಿರಲಿಲ್ಲ. ಹಾಗೇ ಬರೆದೆ.

ಯುಗಾದಿಯ ಹೊತ್ತಿಗೆ ಪಟ್ಟಿ ಎಂಟುನೂರ ನಾಲ್ಕಕ್ಕೆ ಮುಗಿಯಿತು. ಅಂದೇ ಎರಡು ಪ್ರತಿ ಪ್ರಿಂಟ್ ತೆಗೆದೆ. ಚೇತನ್‌ಕುಮಾರ್ ಹಿರಿಯೂರಿನಿಂದ ಬಂದು ಎರಡು ಸೀಡಿ ಬರೆದು, ಒಂದನ್ನು ಯಾರನ್ನೂ ಕೇಳದೆ ಚೀಲಕ್ಕೆ ಹಾಕಿಕೊಂಡ. ಇನ್ನೊಂದನ್ನು ನಾನು ಅತ್ತೆಯ ಕೈಯಲ್ಲಿ ಇಟ್ಟೆ. ಜೋಪಾನ ಅನ್ನಲಿಲ್ಲ.

ಅತ್ತೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದಕ್ಕೆ ಹೊಗೆ ಆಗಲ್ವಾ?"

"ಆಗಲ್ಲ ಅತ್ತೆ."

"ಎಣ್ಣೆ?"

"ಬ್ಯಾಡ."

ಅವರ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. ಸೀಡಿಯನ್ನು ಡಬ್ಬಿಗೆ ಹಾಕಿ ಮುಚ್ಚಿ, ಮನೆಯಿಂದ ತಂದಿದ್ದ ಅರಿಶಿನದ ಬಟ್ಟಲನ್ನು ಅವರ ಮುಂದೆ ಇಟ್ಟೆ. "ಡಬ್ಬಿ ಮ್ಯಾಲೆ ಒಂದೇ ಒಂದು ಬೊಟ್ಟು ಇಡ್ರಿ," ಅಂದೆ.

ಅತ್ತೆ ಎರಡು ಇಟ್ಟರು.